ಕೊಲ್ಲಿಯ ಮರೆಯೇ ಕಾರವಾರದ ಆಸ್ತಿ

ಕಾರವಾರಕ್ಕೆ ಹೋದವರು ಟ್ಯಾಗೋರ್ ಕಡಲತೀರವನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಹೆದ್ದಾರಿಯ ಒಂದು ಮಗ್ಗುಲಿಗೆ ಊರು, ಇನ್ನೊಂದು ಮಗ್ಗುಲಿಗೆ ಮರಳು. ಕಚೇರಿ ಕೆಲಸಕ್ಕೆ ಬಂದ ಹಳ್ಳಿಯವರು ಬಸ್ಸಿಗೆ ಇನ್ನೂ ಹೊತ್ತಿದೆಯೆಂದು ಇಲ್ಲಿ ಕೂರುತ್ತಾರೆ, ಶಾಲೆ ಬಿಟ್ಟ ಮಕ್ಕಳು ಚೆಂಡು ಹಿಡಿದು ಬರುತ್ತಾರೆ, ಹುಬ್ಬಳ್ಳಿ–ಧಾರವಾಡದಿಂದ ಬಂದ ಕುಟುಂಬಗಳು ಸಂಜೆಯವರೆಗೆ ನೀರಿಗಿಳಿದಿರುತ್ತವೆ. ಪ್ರವಾಸಿ ಕೈಪಿಡಿಗಳು ಈ ತೀರದಲ್ಲಿ ನೋಡಬೇಕಾದ್ದನ್ನು ಬೇರೆಬೇರೆ ಪಟ್ಟಿ ಮಾಡಿ ಕೊಡುತ್ತವೆ: ಆಡಲು ಮರಳು, ನೋಡಲು ಡಾಲ್ಫಿನ್, ಹತ್ತಿ ಇಳಿಯಲು ಯುದ್ಧನೌಕೆ. ಒಂದಕ್ಕೊಂದು ಸಂಬಂಧವಿಲ್ಲದ ಮೂರು ಸಂಗತಿಗಳು ಅಕಸ್ಮಾತ್ತಾಗಿ ಒಂದೇ ಕಡೆ ಕೂಡಿಕೊಂಡಿವೆ ಎಂಬ ಭಾವನೆ ಬರುವುದು ಸಹಜ. ನನ್ನ ವಾದ ಇದಕ್ಕೆ ವಿರುದ್ಧವಾದದ್ದು. ವಿಹಾರ, ಜೀವಸಂಕುಲ, ಕಡಲಯಾನದ ಚರಿತ್ರೆ ಈ ಮೂರಕ್ಕೂ ಇಲ್ಲಿ ಕಾರಣ ಒಂದೇ. ಅದು ಕೊಲ್ಲಿಯ ಮರೆ. ಆ ಮರೆಯನ್ನು ಉಳಿಸಿದರೆ ಮೂರೂ ಉಳಿಯುತ್ತವೆ. ಅದು ಕೆಟ್ಟರೆ ದಂಡೆಯ ಮೇಲೆ ಏನೇ ಕಟ್ಟಿದರೂ ಅದು ಕಾರವಾರದ ಕಡಲತೀರವಾಗಿ ಉಳಿಯುವುದಿಲ್ಲ.

ಮರೆ ಎಂದರೇನು ಎಂಬುದನ್ನು ತಿಳಿಯಲು ಭೂಪಟ ನೋಡಿದರೆ ಸಾಕು. ಪಶ್ಚಿಮ ಘಟ್ಟದ ಸಾಲು ಇಲ್ಲಿ ಕಡಲಿಗೆ ತೀರ ಹತ್ತಿರ ಬಂದು, ಅದರ ಕೊನೆಯ ಗುಡ್ಡಗಳು ನೀರಿಗೇ ಚಾಚಿಕೊಂಡಿವೆ. ದಕ್ಷಿಣಕ್ಕೆ ಬೈತಖೋಲದ ಗುಡ್ಡ, ಉತ್ತರಕ್ಕೆ ಕಾಳಿ ನದಿಯ ಅಳಿವೆ, ಅದರಾಚೆ ಸದಾಶಿವಗಡ. ಎದುರಿಗೆ ಕೂರ್ಮಗಡ, ದೇವಗಡ ಮೊದಲಾದ ನಡುಗಡ್ಡೆಗಳು. ಮುಂಗಾರಿನ ಅಲೆ ನೈರುತ್ಯದಿಂದ ಏರಿ ಬರುವಾಗ ಮೊದಲು ಗುಡ್ಡದ ಮೂಗಿಗೂ ನಡುಗಡ್ಡೆಗಳ ಬಂಡೆಗಳಿಗೂ ಬಡಿಯುತ್ತದೆ. ಅಲ್ಲಿ ಶಕ್ತಿ ಕಳೆದುಕೊಂಡು ಬಾಗಿ ತಿರುಗಿ ಒಳಬರುವ ಅಲೆ ತೆರೆದ ಕಡಲಿನ ಅಲೆಯಲ್ಲ. ಬೈತಖೋಲದ ಮೂಲೆಯಲ್ಲಂತೂ ಹೊರಗೆ ಕಡಲು ಕೆರಳಿದ ದಿನವೂ ದೋಣಿಗಳು ನೆಮ್ಮದಿಯಾಗಿ ನಿಂತಿರುತ್ತವೆ. ಕಾರವಾರಕ್ಕೆ ಸರ್ವಋತು ಬಂದರು ಎಂಬ ಹೆಸರು ಬಂದದ್ದು ಇದರಿಂದಲೇ. ಕಾಂಕ್ರೀಟು ಆಮೇಲೆ ಬಂತು. ಗುಡ್ಡ ಮೊದಲೇ ಆ ಕೆಲಸ ಮಾಡಿತ್ತು. ಇನ್ನು ಮರಳಿನ ಮಾತು. ಘಟ್ಟದಲ್ಲಿ ಹುಟ್ಟಿ ಜಿಲ್ಲೆಯನ್ನು ಸೀಳಿಕೊಂಡು ಬರುವ ಕಾಳಿ ತಂದು ಸುರಿದದ್ದನ್ನು ಮೆಲ್ಲನೆಯ ಅಲೆ ಹರಡಿ ಸಮ ಮಾಡಿದ್ದರಿಂದ ಈ ಬಿಲ್ಲಿನಾಕಾರದ ದಂಡೆ ಆಯಿತು. ಗುಡ್ಡ, ದ್ವೀಪ, ನದಿ ಮೂರೂ ಒಟ್ಟಾಗಿ ದುಡಿದು ಮಾಡಿದ ತೀರವಿದು.

ಹಡಗುಗಳು ಈ ಮರೆಯನ್ನು ಹುಡುಕಿಕೊಂಡೇ ಬಂದವು. ಕಾರವಾರದ ದಕ್ಷಿಣಕ್ಕಿರುವ ಅಂಜುದೀವ ದ್ವೀಪದಲ್ಲಿ 1498ರಲ್ಲಿ ವಾಸ್ಕೋ ಡ ಗಾಮ ತಂಗಿ ಹಡಗು ದುರಸ್ತಿ ಮಾಡಿಸಿಕೊಂಡ. 1505ರಲ್ಲಿ ಪೋರ್ಚುಗೀಸರು ಅಲ್ಲಿ ಕೋಟೆ ಕಟ್ಟಿದರು. 1662ರಲ್ಲಿ ಮುಂಬೈಯನ್ನು ವಶಕ್ಕೆ ತೆಗೆದುಕೊಳ್ಳಲು ಬಂದ ಇಂಗ್ಲಿಷ್ ಪಡೆ, ಪೋರ್ಚುಗೀಸರು ಊರು ಬಿಟ್ಟುಕೊಡದೆ ಇದ್ದಾಗ, ಅದೇ ದ್ವೀಪದಲ್ಲಿ ಕಾದು ಕೂತಿತು. ಹೆಚ್ಚಿನ ಸೈನಿಕರು ಅಲ್ಲೇ ರೋಗಕ್ಕೆ ಬಲಿಯಾದರು. ಅಷ್ಟು ಹೊತ್ತಿಗೆ ಕಾಳಿಯ ದಡದ ಕಡವಾಡದ ವ್ಯಾಪಾರ ಇಂಗ್ಲಿಷರಿಗೆ ಹೊಸದಾಗಿರಲಿಲ್ಲ. 1638ರಲ್ಲೇ ಕೋರ್ಟೀನ್ ಎಂಬ ವರ್ತಕ ಮಂಡಳಿ ಇಲ್ಲಿ ಕೋಠಿ ತೆರೆದಿತ್ತು. ಘಟ್ಟದ ಮೇಲೆ ಹುಬ್ಬಳ್ಳಿ ಸೀಮೆಯಲ್ಲಿ ನೇಯ್ದ ನಯವಾದ ಮಸ್ಲಿನ್ ಬಟ್ಟೆ, ಸೋಂದೆ ಸೀಮೆಯ ಕಾಳುಮೆಣಸು ಎತ್ತಿನ ಬೆನ್ನೇರಿ ಇಳಿದು ಇಲ್ಲಿ ಹಡಗು ಹತ್ತುತ್ತಿದ್ದವು. 1665ರಲ್ಲಿ ಶಿವಾಜಿಯ ಪಡೆ ಬಂದು ಕಾಣಿಕೆ ಎತ್ತಿದ್ದೂ ಈ ವ್ಯಾಪಾರದ ಗಾತ್ರ ಕಂಡೇ. ಕಾರವಾರದ ಹೆಸರೇ ಕಡವಾಡದಿಂದ ಬಂದದ್ದೆಂದು ಹೇಳುತ್ತಾರೆ. ಹಾಗಿದ್ದರೆ ಇಡೀ ನಗರ ಒಂದು ನದೀಬಂದರಿನ ಹೆಸರನ್ನು ಹೊತ್ತು ನಿಂತಿದೆ.

ಹತ್ತೊಂಬತ್ತನೆಯ ಶತಮಾನದ ಕತೆ ಇನ್ನೂ ಗಮನಿಸತಕ್ಕದ್ದು. ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಲ್ಯಾಂಕಾಷೈರ್ ಗಿರಣಿಗಳಿಗೆ ಹತ್ತಿ ಸಾಲದಾದಾಗ ಎಲ್ಲರ ಕಣ್ಣು ಧಾರವಾಡ ಸೀಮೆಯ ಹತ್ತಿಯ ಮೇಲೆ ಬಿತ್ತು. ಅದನ್ನು ಸಾಗಿಸಲು ಕಾರವಾರವೇ ಹತ್ತಿರದ ಮರೆ. 1862ರಲ್ಲಿ ಉತ್ತರ ಕನ್ನಡ ಮದ್ರಾಸ್ ಪ್ರಾಂತ್ಯದಿಂದ ಬಾಂಬೆ ಪ್ರಾಂತ್ಯಕ್ಕೆ ಸೇರಿತು, ಘಟ್ಟದ ರಸ್ತೆಗಳಿಗೆ ಹಣ ಬಂತು, 1864ರಲ್ಲಿ ದೇವಗಡದ ನೆತ್ತಿಯಲ್ಲಿ ದೀಪಸ್ತಂಭ ಬೆಳಗಿತು. ಮುಂಬೈಗೆ ಸರಿಸಾಟಿಯಾದ ಬಂದರು ಆಗುತ್ತದೆ ಎಂದು ನಂಬಿದವರು ಕಡಿಮೆಯಿರಲಿಲ್ಲ. ಆದರೆ ಯುದ್ಧ ಮುಗಿದು ಅಮೆರಿಕದ ಹತ್ತಿ ಮರಳಿ ಬಂತು. 1880ರ ದಶಕದಲ್ಲಿ ರೈಲು ಮಾರ್ಮಗೋವಾಕ್ಕೆ ಹೋಯಿತು, ಕಾರವಾರಕ್ಕೆ ಬರಲಿಲ್ಲ. ಹುಬ್ಬಳ್ಳಿ–ಅಂಕೋಲಾ ರೈಲು ಇಂದಿಗೂ ಕಾಗದದಲ್ಲೇ ಓಡುತ್ತಿದೆ. ಈ ಊರಿಗೆ ಅನ್ಯಾಯವಾಯಿತೆಂದು ಕೊರಗುವವರ ನೋವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೂ ಒಂದು ಮಾತು ನಿಜ: ಹತ್ತಿಯ ಕನಸು ಕೈಗೂಡಿದ್ದರೆ ಇವತ್ತು ಮಕ್ಕಳು ಓಡುವ ಮರಳಿನ ಜಾಗದಲ್ಲಿ ಗೋದಾಮುಗಳಿರುತ್ತಿದ್ದವು. ನಗರದ ಹೊಸ್ತಿಲಲ್ಲೇ ಇಷ್ಟು ದೊಡ್ಡ ತೆರೆದ ದಂಡೆ ಉಳಿದದ್ದಕ್ಕೆ ಆ ಸೋಲೂ ಒಂದು ಕಾರಣ.

ಆ ಸೋಲಿನ ಕಾಲಕ್ಕೇ, 1883ರಲ್ಲಿ, ರವೀಂದ್ರನಾಥ ಟ್ಯಾಗೋರ್ ಇಲ್ಲಿಗೆ ಬಂದರು. ಆಗ ಅವರಿಗೆ ಇಪ್ಪತ್ತೆರಡು ವರ್ಷ. ಐಸಿಎಸ್‌ಗೆ ಸೇರಿದ ಮೊದಲ ಭಾರತೀಯರಾದ ಅಣ್ಣ ಸತ್ಯೇಂದ್ರನಾಥರು ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. ತಮ್ಮ ಜೀವನಸ್ಮೃತಿಯಲ್ಲಿ ಟ್ಯಾಗೋರರು ಈ ಕೊಲ್ಲಿಯ ಅರ್ಧಚಂದ್ರದ ದಂಡೆಯನ್ನೂ ಗಾಳಿಮರಗಳ ತೋಪನ್ನೂ ನೆನೆದಿದ್ದಾರೆ. ಬೆಳದಿಂಗಳಲ್ಲಿ ದೋಣಿಯೇರಿ ಕಾಳಿಯಲ್ಲಿ ಮೇಲಕ್ಕೆ ಹೋಗಿ, ಹಳೆಯ ಗಿರಿದುರ್ಗವೊಂದನ್ನು ಕಂಡು, ಹಿಂದಿರುಗುವಾಗ ಅಳಿವೆಯ ಬಾಯಲ್ಲೇ ಇಳಿದು ಮರಳಿನ ಮೇಲೆ ಮನೆಗೆ ನಡೆದು ಬಂದದ್ದನ್ನು ಬರೆದಿದ್ದಾರೆ. ‘ಪ್ರಕೃತಿರ್ ಪ್ರತಿಶೋಧ್’ ನಾಟಕವನ್ನು ಅವರು ಬರೆದದ್ದು ಇಲ್ಲೇ. ಲೋಕದ ನಂಟನ್ನೆಲ್ಲ ಕಡಿದುಕೊಂಡೆನೆಂದು ಬೀಗಿದ ಸನ್ಯಾಸಿಯೊಬ್ಬನನ್ನು ಪುಟ್ಟ ಹುಡುಗಿಯ ಪ್ರೀತಿ ಮರಳಿ ಲೋಕಕ್ಕೆ ಎಳೆದು ತರುವ ವಸ್ತು ಅದು. ಟ್ಯಾಗೋರರ ಹೆಸರನ್ನು ತೀರಕ್ಕೆ ಇಟ್ಟದ್ದು ಸರಿಯಾದ ಕೆಲಸ. ಆದರೆ ಹೆಸರಿನ ಜೊತೆಗೆ ಅವರ ದಾರಿಯೂ ಬೇಕು. ಅವರಿಗೆ ನದಿ, ಕೋಟೆ, ಮರಳು, ಮನೆ ಎಲ್ಲ ಒಂದೇ ರಾತ್ರಿಯ ಒಂದೇ ನಡಿಗೆಯಾಗಿದ್ದವು. ಇಂದಿನ ಪ್ರವಾಸಿಗೆ ಅವು ನಾಲ್ಕು ಟಿಕೆಟಿನ ನಾಲ್ಕು ಜಾಗಗಳಾಗಿವೆ.

ಮರಳಿನ ಅಂಚಿನಲ್ಲಿ ನಿಲ್ಲಿಸಿರುವ ಐಎನ್‌ಎಸ್ ಚಪಲ್ ನೌಕೆಯನ್ನೇ ನೋಡಿ. ಸೋವಿಯತ್ ಒಕ್ಕೂಟದಲ್ಲಿ ಕಟ್ಟಿದ ಈ ಕ್ಷಿಪಣಿ ದೋಣಿ 1976ರಲ್ಲಿ ನಮ್ಮ ನೌಕಾಪಡೆಗೆ ಸೇರಿ 2005ರಲ್ಲಿ ನಿವೃತ್ತಿ ಹೊಂದಿತು. ಉದ್ದ 39 ಮೀಟರ್‌ಗೂ ತುಸು ಕಡಿಮೆ. ಡೆಕ್ಕಿನ ಎರಡೂ ಕಡೆ ಎರಡೆರಡರಂತೆ ನಾಲ್ಕು ಕ್ಷಿಪಣಿ ಗೂಡುಗಳು ಬಾಯಿ ಮುಂದಕ್ಕೆ ಮಾಡಿ ಕೂತಿವೆ. ಒಳಗಿಳಿದರೆ ಇಬ್ಬರು ಎದುರುಬದುರಾಗಿ ದಾಟಲಾರದಷ್ಟು ಕಿರಿದಾದ ಹಾದಿ, ತಲೆ ತಗ್ಗಿಸಿ ನುಸುಳಬೇಕಾದ ಬಾಗಿಲುಗಳು. ಇಂಥ ಡಬ್ಬಿಯೊಳಗೆ ಮೂವತ್ತರಷ್ಟು ಜನ ಬಿಸಿಲಲ್ಲಿ ಕಾದ ಕಬ್ಬಿಣದ ನಡುವೆ ದಿನಗಳೆಯುತ್ತಿದ್ದರು ಎಂಬುದು ಪುಸ್ತಕ ಓದಿ ತಿಳಿಯುವ ವಿಷಯವಲ್ಲ. ಮೊಣಕೈ ಗೋಡೆಗೆ ತಾಗಿದಾಗ ತಿಳಿಯುವುದು. ಈ ದೋಣಿ 1971ರ ಯುದ್ಧದಲ್ಲಿ ಹೋರಾಡಿತೆಂದು ಹೇಳುವವರಿದ್ದಾರೆ. ವರ್ಷಗಳನ್ನು ಹೊಂದಿಸಿ ನೋಡಿದರೆ ಅದು ಆಗದ ಮಾತು. 1971ರ ಡಿಸೆಂಬರ್ 4ರ ರಾತ್ರಿ ಕರಾಚಿಗೆ ನುಗ್ಗಿದ್ದು ನಿಪಾತ್, ನಿರ್ಘಾತ್, ವೀರ್ ಎಂಬ ದೋಣಿಗಳು. ಚಪಲ್ ಅದೇ ಬಗೆಯ, ನಂತರದ ಪೀಳಿಗೆಯ ದೋಣಿ. ಇದರಿಂದ ಚಪಲ್‌ನ ಬೆಲೆ ಕಡಿಮೆಯಾಗುವುದಿಲ್ಲ. ಗೆದ್ದ ರಾತ್ರಿಯ ಹಿಂದೆ ಮುಂದೆ ಸುಮ್ಮನೆ ಕಾವಲು ಕಾದ ಸಾವಿರಾರು ರಾತ್ರಿಗಳಿರುತ್ತವೆ. ಈ ನೌಕೆ ಆ ರಾತ್ರಿಗಳ ಸಾಕ್ಷಿ.

ಆದರೆ ಕಡಲ ಚರಿತ್ರೆ ಎಂದರೆ ಯುದ್ಧನೌಕೆಯಷ್ಟೇ ಎಂದು ಮಕ್ಕಳು ತಿಳಿದರೆ ತಪ್ಪು ನಮ್ಮದು. ಇದೇ ಮರಳಿನ ಮೇಲೆ ಹುಟ್ಟಿ ಬೆಳೆದ ಇನ್ನೊಂದು ನೌಕಾವಿದ್ಯೆ ರಾಂಪಣಿ. ಒಂದು ಕಿಲೋಮೀಟರ್‌ಗೂ ಮೀರಿದ ಬಲೆಯನ್ನು ಪಂಡಿ ದೋಣಿಯಲ್ಲಿ ಹೇರಿಕೊಂಡು, ದಂಡೆಗೆ ಬಂದ ಬಂಗಡೆ ಇಲ್ಲವೇ ತಾರ್ಲೆಯ ಹಿಂಡನ್ನು ಬಿಲ್ಲಿನಂತೆ ಸುತ್ತುವರಿದು, ಎರಡೂ ತುದಿಗಳನ್ನು ದಂಡೆಯಿಂದ ಹತ್ತಾರು ಜನ ಕೂಡಿ ಎಳೆಯುವ ಕಸುಬು ಅದು. ಬಲೆಯ ತುಂಡುಗಳು ಮನೆಮನೆಯವು, ಪಾಲೂ ಹಾಗೆಯೇ. ಖಾರ್ವಿ, ಹರಿಕಂತ್ರ, ಗಾಬಿತ ಸಮುದಾಯಗಳ ಬದುಕು ಇದರ ಸುತ್ತ ಕಟ್ಟಿಕೊಂಡಿತ್ತು. 1970ರ ದಶಕದ ಕೊನೆಗೆ ಪರ್ಸೀನ್ ಬೋಟುಗಳು ಬಂದು ಹಿಂಡನ್ನು ದಂಡೆಗೆ ಬರುವ ಮೊದಲೇ ಸುತ್ತಿಕೊಳ್ಳತೊಡಗಿದಾಗ ರಾಂಪಣಿ ಕುಸಿಯಿತು. ಈಗ ಉಳಿದಿರುವುದು ಚಿಕ್ಕ ಏಂಡಿ ಬಲೆ. ರಾಂಪಣಿಗೆ ಬೇಕಾದ್ದೂ ಅದೇ ಮರೆ: ಇಳಿಜಾರಿನ ಮರಳು, ಮೆಲ್ಲನೆಯ ಅಲೆ, ದಂಡೆಯವರೆಗೆ ಬರುವ ಮೀನು. ತೀರದಲ್ಲಿ ಕ್ಷಿಪಣಿ ದೋಣಿಯಿದೆ, ಇತ್ತೀಚೆಗೆ ಟುಪೊಲೆವ್ ವಿಮಾನವೂ ಬಂದಿದೆ. ಅವುಗಳ ಪಕ್ಕದಲ್ಲಿ ಅಷ್ಟೇ ಗೌರವದಿಂದ ಒಂದು ಪಂಡಿ ದೋಣಿಯನ್ನೂ ರಾಂಪಣಿ ಬಲೆಯನ್ನೂ ಇಡಬೇಕು. ಎಳೆದ ಕೈಗಳು ಇನ್ನೂ ಊರಲ್ಲಿರುವಾಗಲೇ ಇಡಬೇಕು.

ಮೀನು ದಂಡೆಗೆ ಬರುವಲ್ಲಿ ಮೀನು ತಿನ್ನುವವೂ ಬರುತ್ತವೆ. ಕಾಳಿಯ ಅಳಿವೆಯಿಂದ ದ್ವೀಪಗಳವರೆಗಿನ ನೀರಿನಲ್ಲಿ ಕಾಣುವ ಗೂನುಬೆನ್ನಿನ ಡಾಲ್ಫಿನ್ ಆಳ ಕಡಲಿನ ಪ್ರಾಣಿಯಲ್ಲ. ಅಳಿವೆಬಾಯಿ, ಆಳವಿಲ್ಲದ ಮರೆಯ ನೀರು ಅದರ ಮನೆ. ಅಳಿವಿನಂಚಿನ ಪ್ರಭೇದವೆಂದು ಜಾಗತಿಕ ಪಟ್ಟಿಗೆ ಸೇರಿರುವುದಕ್ಕೂ ಇದೇ ಕಾರಣ. ಮನುಷ್ಯನಿಗೆ ಬಂದರು ಕಟ್ಟಲು ಬೇಕಾದ ಜಾಗವೂ ಅದಕ್ಕೆ ಬದುಕಲು ಬೇಕಾದ ಜಾಗವೂ ಒಂದೇ. ಬಿಳಿ ಹೊಟ್ಟೆಯ ಕಡಲಹದ್ದು ಎತ್ತರದ ಮರದಲ್ಲಿ ಗೂಡು ಕಟ್ಟಿ ಇದೇ ನೀರಿನ ಮೇಲೆ ಸುತ್ತುತ್ತದೆ. ಚಳಿಗಾಲಕ್ಕೆ ಕಡಲಕಾಗೆಗಳ ಹಿಂಡು ಮರಳಿಗಿಳಿಯುತ್ತದೆ. ಇಳಿತದ ಹೊತ್ತಿಗೆ ಒದ್ದೆ ಮರಳಿನ ಮೇಲೆ ಕೂತು ಐದು ನಿಮಿಷ ಅಲುಗಾಡದೆ ಇದ್ದರೆ ಇನ್ನೊಂದು ಲೋಕ ತೆರೆಯುತ್ತದೆ. ಬಟಾಣಿ ಕಾಳಿನಷ್ಟು ಪುಟ್ಟ ಏಡಿಯೊಂದು ರಂಧ್ರದಿಂದ ಹೊರಬಂದು ಮರಳನ್ನು ಬಾಯಿಗೆ ಹಾಕಿ, ಅದರಲ್ಲಿನ ಆಹಾರದ ಕಣಗಳನ್ನು ಸೋಸಿ, ಉಳಿದದ್ದನ್ನು ಪುಟ್ಟ ಉಂಡೆ ಮಾಡಿ ಹಿಂದಕ್ಕೆ ತಳ್ಳುತ್ತದೆ. ಸ್ವಲ್ಪ ಹೊತ್ತಿಗೆ ರಂಧ್ರದ ಸುತ್ತ ಉಂಡೆಗಳ ಸಾಲುಗಳು ಹೂವಿನ ರಂಗೋಲಿಯಂತೆ ಹರಡುತ್ತವೆ. ಭರತ ಬಂದು ಎಲ್ಲವನ್ನೂ ಅಳಿಸುತ್ತದೆ, ಮರುದಿನ ಮತ್ತೆ ಅದೇ ಕೆಲಸ. ಮರಳಿನ ಮೇಲೆ ವಾಹನ ಓಡಿಸುವವರು ಚಕ್ರದಡಿ ಹೊಸಕುವುದು ಇದನ್ನು.

ಇನ್ನು ಆಕ್ಷೇಪಗಳು. ಮೊದಲನೆಯದು ಹೊಟ್ಟೆಪಾಡಿನದು, ಆದ್ದರಿಂದ ದೊಡ್ಡದು. ಜಿಲ್ಲೆಯ ಯುವಕರು ಕೆಲಸ ಹುಡುಕಿಕೊಂಡು ಗೋವಾಕ್ಕೆ ಹೋಗುತ್ತಿರುವಾಗ ಡಾಲ್ಫಿನ್, ಏಡಿ ಎಂದು ಬಂದರನ್ನು ತಡೆಯುವುದು ನ್ಯಾಯವೇ ಎಂಬ ಪ್ರಶ್ನೆ. ಬಂದರು ಬೇಡವೆಂದು ನಾನು ಹೇಳುತ್ತಿಲ್ಲ. ಬೈತಖೋಲದಲ್ಲಿ ಅದು ಇದೆ, ನಡೆಯುತ್ತಿದೆ, ನಡೆಯಲಿ. ಆದರೆ ಲೆಕ್ಕವನ್ನು ಪೂರ್ತಿ ಹಾಕಬೇಕು. ಸೀಬರ್ಡ್ ನೌಕಾನೆಲೆಗೆ 1986ರಲ್ಲಿ ಅಡಿಗಲ್ಲು ಬಿದ್ದ ಮೇಲೆ ಅರ್ಗಾ, ಬಿಣಗಾ ಕಡೆಯ ಹಳ್ಳಿಗಳ ಸಾವಿರಾರು ಕುಟುಂಬಗಳು ಮನೆಮಠ ಬಿಟ್ಟವು. 2005ರಲ್ಲಿ ಆ ನೆಲೆ ಐಎನ್‌ಎಸ್ ಕದಂಬ ಎಂಬ ಹೆಸರಿನಲ್ಲಿ ಕಾರ್ಯಾರಂಭ ಮಾಡಿತು. ದೇಶದ ರಕ್ಷಣೆಗೆ ಅದು ಬೇಕಿತ್ತು, ಕಾರವಾರ ಕೊಟ್ಟಿತು. ಆ ದಂಡೆಗಳು ಹೋದ ಮೇಲೆ ನಗರಕ್ಕೂ ಸಾಂಪ್ರದಾಯಿಕ ಮೀನುಗಾರರಿಗೂ ಉಳಿದದ್ದು ಇದೊಂದು ತೀರ. 2020ರ ಜನವರಿಯಲ್ಲಿ ಸಾಗರಮಾಲಾ ಯೋಜನೆಯಡಿ ಬಂದರು ವಿಸ್ತರಣೆಗೆಂದು ಈ ತೀರದ ಕಡೆಗೆ ಹೊಸ ತಡೆಗೋಡೆಯ ಕೆಲಸ ಶುರುವಾದಾಗ ಮೀನುಗಾರರು ಬೀದಿಗಿಳಿದದ್ದು, ಊರು ಬಂದ್ ಆದದ್ದು, ವಿಷಯ ಹೈಕೋರ್ಟಿಗೆ ಹೋಗಿ ತಡೆಯಾಜ್ಞೆ ಬಂದದ್ದು ಈ ಹಿನ್ನೆಲೆಯಲ್ಲಿ. ಅವರನ್ನು ಅಭಿವೃದ್ಧಿ ವಿರೋಧಿಗಳೆಂದು ಕರೆದವರು ಒಂದು ಅಂಶ ಮರೆತರು: ಪ್ರತಿಭಟಿಸಿದವರು ಹೊಟ್ಟೆಪಾಡಿನ ಮಾತನ್ನೇ ಆಡುತ್ತಿದ್ದರು. ದೋಣಿ ಎಳೆದು ನಿಲ್ಲಿಸುವ, ಬಲೆ ಒಣಗಿಸುವ ಮರಳಿಲ್ಲದೆ ಅವರ ಕಸುಬೇ ಇಲ್ಲ. ಒಂದು ಜೀವನೋಪಾಯವನ್ನು ಕಿತ್ತು ಇನ್ನೊಂದನ್ನು ನೆಟ್ಟರೆ ಅದನ್ನು ಉದ್ಯೋಗ ಸೃಷ್ಟಿ ಎನ್ನಲಾಗದು.

ಎರಡನೆಯ ಆಕ್ಷೇಪ ಬೇರೆ ದಿಕ್ಕಿನಿಂದ ಬರುತ್ತದೆ, ಪ್ರಕೃತಿಪ್ರಿಯರಿಂದ. ನಗರದ ನಡುವಿನ ತೀರದಲ್ಲಿ ಜನಜಂಗುಳಿಯೂ ವನ್ಯಜೀವಿಯೂ ಒಟ್ಟಿಗೆ ಬಾಳಲಾರವು, ಆದ್ದರಿಂದ ಈ ದಂಡೆಯನ್ನು ಜನರಿಗೆ ಬಿಟ್ಟು ಪ್ರಾಣಿಗಳಿಗೆ ದೇವಬಾಗ, ಮಾಜಾಳಿ ತೀರಗಳನ್ನು ಮೀಸಲಿಡಿ ಎಂಬ ವಾದ. ಇದರಲ್ಲಿ ಹುರುಳಿದೆ, ಆದರೆ ಪೂರ್ತಿ ಅಲ್ಲ. ಆಲಿವ್ ರಿಡ್ಲೆ ಕಡಲಾಮೆಗಳು ಚಳಿಗಾಲದ ರಾತ್ರಿಗಳಲ್ಲಿ ಈ ಕರಾವಳಿಯ ಮರಳಿಗೆ ಬಂದು ಮೊಟ್ಟೆಯಿಡುತ್ತವೆ. ಒಂದು ಗೂಡಿನಲ್ಲಿ ನೂರರಷ್ಟು ಮೊಟ್ಟೆ, ಮರಿಯಾಗಲು ಸುಮಾರು 45ರಿಂದ 60 ದಿನ. ಮರಿಗಳು ಮರಳಿನಿಂದ ಮೇಲೆದ್ದ ಕೂಡಲೇ ಬೆಳಕು ಹೆಚ್ಚಿರುವ ಕಡೆಗೆ ಓಡುತ್ತವೆ. ಹಿಂದೆಲ್ಲ ಅದು ನಕ್ಷತ್ರದ ಬೆಳಕು ಹೊಳೆಯುವ ಕಡಲಾಗಿತ್ತು. ಈಗ ಹೆದ್ದಾರಿಯ ದೀಪ, ಹೋಟೆಲಿನ ದೀಪ, ಮಯೂರವರ್ಮ ವೇದಿಕೆಯಲ್ಲಿ ಕರಾವಳಿ ಉತ್ಸವ ನಡೆದರೆ ಅದರ ಹೊನಲು ಬೆಳಕು. ಇಲ್ಲಿ ಆಮೆಗೂ ಮನುಷ್ಯನಿಗೂ ನಡುವಿನ ಜಗಳ ಜಾಗದ್ದಲ್ಲ, ಹೊತ್ತಿನದು. ಮನುಷ್ಯ ಸಂಜೆ ಬಂದು ಮನೆಗೆ ಹೋಗುತ್ತಾನೆ, ಆಮೆ ನಡುರಾತ್ರಿ ಬರುತ್ತದೆ. ಉತ್ಸವದ ದಿನಗಳನ್ನು ಆಮೆಗಳ ಕಾಲ ಬಿಟ್ಟು ಇಟ್ಟುಕೊಳ್ಳುವುದು, ಕಡಲಿಗೆ ಮುಖ ಮಾಡಿದ ದೀಪಗಳಿಗೆ ಮರೆ ಹಾಕಿ ಬೆಳಕು ನೆಲಕ್ಕೆ ಬೀಳುವಂತೆ ಮಾಡುವುದು, ತಡರಾತ್ರಿ ಆರಿಸುವುದು, ಮರಳಿನ ಮೇಲೆ ವಾಹನ ಬರದಂತೆ ತಡೆಯುವುದು: ಇದಕ್ಕೆ ದೊಡ್ಡ ಯೋಜನೆ ಬೇಕಿಲ್ಲ. ಅರಣ್ಯ ಇಲಾಖೆಯ ಕರಾವಳಿ ಮತ್ತು ಸಾಗರ ಪರಿಸರ ಕೋಶ ಕಾರವಾರದಲ್ಲೇ ಇದೆ, ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗ ಕೋಡಿಬಾಗದಲ್ಲೇ ಇದೆ. ತಿಳಿದವರಿಗೆ ಕೊರತೆಯಿಲ್ಲ, ಅವರ ಮಾತು ಉತ್ಸವ ಸಮಿತಿಯ ಮೇಜಿಗೆ ತಲುಪಬೇಕು.

ಕಡಲು ಹೇಗೂ ಮರಳನ್ನು ಎತ್ತಿ ಒಯ್ಯುತ್ತದೆ, ತಂದು ಹಾಕುತ್ತದೆ; ಮನುಷ್ಯ ಒಂದು ಗೋಡೆ ಕಟ್ಟಿದರೆ ಏನು ಮಹಾ ವ್ಯತ್ಯಾಸ ಎಂದು ಕೇಳುವವರೂ ಇದ್ದಾರೆ. ಮಳೆಗಾಲದಲ್ಲಿ ದಂಡೆ ಕೃಶವಾಗಿ ಚಳಿಗಾಲಕ್ಕೆ ಮತ್ತೆ ತುಂಬಿಕೊಳ್ಳುವುದು ನಿಜ. ಆದರೆ ತುಂಬಿಕೊಳ್ಳಲು ಮರಳು ಎಲ್ಲಿಂದಲೋ ಬರಬೇಕಲ್ಲ. ಕಾಳಿಗೆ ಸೂಪಾ, ಕೊಡಸಳ್ಳಿ, ಕದ್ರಾ ಎಂದು ಸಾಲು ಅಣೆಕಟ್ಟುಗಳಾಗಿವೆ. ಘಟ್ಟದ ಮರಳು ಅವುಗಳ ಹಿಂದೆ ನಿಲ್ಲುತ್ತದೆ. ಕೆಳಗೆ ಉಳಿದದ್ದನ್ನು ಕಟ್ಟಡಗಳಿಗೆಂದು ತೆಗೆಯುತ್ತಾರೆ. ಹೀಗೆ ಆದಾಯ ಕಡಿಮೆಯಾದ ದಂಡೆ ಇದು. ಇದರ ಮೇಲೆ ಅಲೆಯ ದಿಕ್ಕು ಬದಲಿಸುವ ಗೋಡೆ ಬಂದರೆ ಗೋಡೆಯ ಒಂದು ಮಗ್ಗುಲಲ್ಲಿ ಮರಳು ರಾಶಿಯಾಗಿ ಇನ್ನೊಂದು ಮಗ್ಗುಲು ಬೋಳಾಗುತ್ತದೆ. ಕಡಲ್ಕೊರೆತಕ್ಕೆ ಕಲ್ಲು ಸುರಿದು, ಆ ಕಲ್ಲಿನ ತುದಿಯಲ್ಲಿ ಮತ್ತೆ ಕೊರೆತ ಶುರುವಾಗಿ, ಅಲ್ಲೂ ಕಲ್ಲು ಸುರಿದ ಊರುಗಳು ನಮ್ಮ ಕರಾವಳಿಯಲ್ಲಿ ಉಳ್ಳಾಲದಿಂದ ಈಚೆಗೆ ಬೇಕಾದಷ್ಟಿವೆ. ಮರಳಿನ ತೀರ ಕಲ್ಲಿನ ತೀರವಾದ ಮೇಲೆ ಅಲ್ಲಿ ಆಮೆ ಹತ್ತಲಾರದು, ದೋಣಿ ಏರಿಸಲಾಗದು, ಮಗು ಆಡಲಾರದು. ಮೂವರಿಗೂ ಬಾಗಿಲು ಒಟ್ಟಿಗೇ ಮುಚ್ಚುತ್ತದೆ.

ಆದ್ದರಿಂದ ಈ ತೀರಕ್ಕೆ ಬರುವ ಪ್ರತಿ ಹೊಸ ಯೋಜನೆಗೂ, ಅದು ಸಂಗೀತ ಕಾರಂಜಿಯಾಗಲಿ, ತಡೆಗೋಡೆಯಾಗಲಿ, ಜಲಕ್ರೀಡೆಯಾಗಲಿ, ಒಂದೇ ಪ್ರಶ್ನೆ ಹಾಕಬೇಕು: ಇದರಿಂದ ಮರೆ ಮತ್ತು ಮರಳು ಉಳಿಯುತ್ತವೆಯೇ? ಉಳಿಯುವುದಾದರೆ ಬರಲಿ. ಪ್ರವಾಸಿಗಳಿಗೂ ಒಂದು ಮಾತು. ಮರೆಯ ಕೊಲ್ಲಿ ಎಂದು ಮೈಮರೆಯಬಾರದು. ಮಳೆಗಾಲದಲ್ಲಿ ನೀರಿಗೆ ಇಳಿಯಬೇಡಿ, ಅಳಿವೆಯ ಸೆಳೆತ ಯಾವ ಕಾಲದಲ್ಲೂ ನಂಬತಕ್ಕದ್ದಲ್ಲ, ಜೀವರಕ್ಷಕರು ಕೂಗಿದರೆ ವಾದಿಸದೆ ದಂಡೆಗೆ ಬನ್ನಿ. ಡಾಲ್ಫಿನ್ ನೋಡಲು ಹೋದರೆ ದೋಣಿಯನ್ನು ಅವುಗಳ ಮೇಲೆ ಓಡಿಸಲು ಒತ್ತಾಯಿಸಬೇಡಿ. ಎಂಜಿನ್ ನಿಲ್ಲಿಸಿ ಕಾದರೆ ಅವೇ ಉಸಿರಿಗೆ ಮೇಲೆ ಬರುತ್ತವೆ. ಚಳಿಗಾಲದ ಒಂದು ಬೆಳಿಗ್ಗೆ, ಇಳಿತದ ಹೊತ್ತು ನೋಡಿಕೊಂಡು ಬನ್ನಿ. ಚಪಲ್ ನೋಡಿ ಮುಗಿದ ಮೇಲೆ ಕಾರು ಹತ್ತದೆ ಮರಳಿನ ಮೇಲೆ ಉತ್ತರಕ್ಕೆ, ಕಾಳಿಯ ಅಳಿವೆಯ ಕಡೆಗೆ ನಡೆಯಿರಿ. ಏಂಡಿ ಬಲೆ ಎಳೆಯುವವರು ಸಿಕ್ಕರೆ ಹಗ್ಗಕ್ಕೆ ಕೈ ಕೊಡಿ.

(ಕೊನೆ)